ಹೆಸರಿಲ್ಲದ ಅಕ್ಕ, ಹೊಂದದ ನಿಯಮ

ನಮ್ಮ ಮುತ್ಯಾ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಬೀದರ್, ಕಲಬುರಗಿ ಕಡೆ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಆಯಿಗೆ ಅವನು ಮಾಮಾನೂ ಹೌದು, ಗಂಡನೂ ಹೌದು. ಹೆಳವರು ಹೇಳಿ ಬರೆಸಿದ ವಂಶಾವಳಿ ಇಟ್ಟುಕೊಂಡು ಬಸವಕಲ್ಯಾಣದ ನಮ್ಮ ಮನೆತನದ ಆಂಟಾಲಜಿಯನ್ನು, ಅಂದರೆ ಯಾರು ಯಾರಿಗೆ ಏನಾಗಬೇಕೆಂದು ಯಂತ್ರಕ್ಕೆ ತಿಳಿಯುವಂತೆ ಬರೆದಿಡುವ ನಕ್ಷೆಯನ್ನು, ಪ್ರೊಟೆಜೆ ತಂತ್ರಾಂಶದಲ್ಲಿ ಕಟ್ಟುತ್ತಿದ್ದೆ. ಅಕ್ಕನ ಮಗಳನ್ನು ವರಿಸಿದವರನ್ನೆಲ್ಲ ಯಂತ್ರವೇ ಗುರುತಿಸಿ ಒಂದು ವರ್ಗಕ್ಕೆ ಸೇರಿಸಲಿ ಎಂದು ನಿಯಮ ಬರೆದೆ. ನಿಯಮದಲ್ಲಿ ತಪ್ಪಿರಲಿಲ್ಲ. ಆದರೂ ಮುತ್ಯಾ ಆ ವರ್ಗಕ್ಕೆ ಬರಲಿಲ್ಲ.

ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಾಲದಲ್ಲಿರುವುದರ ಅರ್ಥ ಯಂತ್ರಕ್ಕೂ ತಿಳಿಯುವಂತಿರಬೇಕು ಎಂಬ ಸೆಮ್ಯಾಂಟಿಕ್ ವೆಬ್‌ನ ಕನಸನ್ನು ಟಿಮ್ ಬರ್ನರ್ಸ್-ಲೀ, ಜೇಮ್ಸ್ ಹೆಂಡ್ಲರ್ ಮತ್ತು ಓರಾ ಲಸ್ಸಿಲಾ 2001ರ ಮೇ ತಿಂಗಳಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದು ಜನರ ಮುಂದಿಟ್ಟರು. 2004ರ ಫೆಬ್ರುವರಿಯಲ್ಲಿ ಔಲ್ ಎಂಬ ಭಾಷೆ, ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನ್ಯತೆ ಪಡೆಯಿತು. ವರ್ಗಗಳು, ವ್ಯಕ್ತಿಗಳು, ಅವರ ನಡುವಿನ ಸಂಬಂಧಗಳು, ಇಷ್ಟನ್ನು ಔಲ್‌ನಲ್ಲಿ ಬರೆದಿಟ್ಟರೆ ರೀಸನರ್ ಎಂಬ ತರ್ಕಯಂತ್ರ ಯಾರು ಯಾವ ವರ್ಗದವರು ಎಂದು ತಾನೇ ತೀರ್ಮಾನಿಸುತ್ತದೆ.

ಔಲ್‌ಗೆ ಮೊದಲು ಕಾಲು ತೊಡರಿದ್ದು ನಂಟಸ್ತಿಕೆಯಲ್ಲೇ. ‘ಮಗಳು ಇರುವವನು’ ಎಂಬ ವರ್ಗ ಅದಕ್ಕೆ ಸಲೀಸು. ಆದರೆ ‘ತಂದೆಯ ತಮ್ಮನೇ ಕಾಕಾ’ ಎಂದು ಹೇಳಲು ಅದರಲ್ಲಿ ದಾರಿಯೇ ಇರಲಿಲ್ಲ. 2004ರ ಮೇನಲ್ಲಿ ಎಸ್‌ಡಬ್ಲ್ಯುಆರ್‌ಎಲ್ ಎಂಬ ನಿಯಮಭಾಷೆಯ ಪ್ರಸ್ತಾವ ಡಬ್ಲ್ಯು3ಸಿಗೆ ಬಂದಾಗ ಅದರಲ್ಲಿ ಕೊಟ್ಟ ಉದಾಹರಣೆಯೂ ಇದೇ: ತಂದೆ ಅಥವಾ ತಾಯಿಯ ಸೋದರ ಅಂಕಲ್. ಇಂಗ್ಲಿಷಿಗೆ ಅಲ್ಲಿಗೆ ಮುಗಿಯಿತು. ನಮಗೆ ಮುಗಿಯುವುದಿಲ್ಲ. ತಾಯಿಯ ಕಡೆಯವನಾದರೆ ಮಾಮಾ, ತಂದೆಗಿಂತ ಹಿರಿಯನಾದರೆ ದೊಡ್ಡಪ್ಪ, ಕಿರಿಯನಾದರೆ ಕಾಕಾ. ಹಿರಿ-ಕಿರಿ ಲೆಕ್ಕಕ್ಕೆ ಹುಟ್ಟಿದ ವರ್ಷಗಳನ್ನು ಹೋಲಿಸುವ ಸೌಲಭ್ಯವೂ ಆ ನಿಯಮಭಾಷೆಯಲ್ಲಿದೆ.

2009ರ ಅಕ್ಟೋಬರಿನಲ್ಲಿ ಬಂದ ಔಲ್ 2 ಸಂಬಂಧಗಳನ್ನು ಸರಪಳಿಯಂತೆ ಜೋಡಿಸಲು ಬಿಟ್ಟಿತು. ತಾಯಿ, ತಾಯಿಯ ಸೋದರ, ಅವನೇ ಮಾಮಾ: ಇದಕ್ಕೆ ಇನ್ನು ನಿಯಮ ಬೇಡ. ಆದರೆ ಮುತ್ಯಾನ ಮದುವೆ ಆ ಸರಪಳಿಗೂ ಸಿಗುವುದಿಲ್ಲ. ಅಕ್ಕನಿಂದ ಇಳಿದು ಬರುವ ಮಗಳು ಮತ್ತು ಮನೆಯಲ್ಲಿರುವ ಹೆಂಡತಿ ಒಬ್ಬಳೇ ಎಂದು ಹೇಳಬೇಕಲ್ಲ! ಔಲ್‌ನ ವರ್ಗವಿವರಣೆ ಮರದ ಕೊಂಬೆಯಂತೆ ಕವಲೊಡೆಯುತ್ತ ಹೋಗುತ್ತದೆ. ಎರಡು ಕೊಂಬೆ ಮತ್ತೆ ಒಂದೇ ಎಲೆಯಲ್ಲಿ ಕೂಡುವುದನ್ನು ಹೇಳಲು ಅದಕ್ಕೆ ಬರುವುದಿಲ್ಲ. ಅದಕ್ಕೆ ನಿಯಮವೇ ಬೇಕು:

ಅಕ್ಕ(?ಕ, ?ಚ) ∧ ಮಗಳು(?ಚ, ?ಟ) ∧ ಹೆಂಡತಿ(?ಕ, ?ಟ) → ಅಕ್ಕನಮಗಳವರ(?ಕ)

‘ಕ’ನ ಅಕ್ಕ ‘ಚ’, ಅವಳ ಮಗಳು ‘ಟ’, ‘ಕ’ನ ಹೆಂಡತಿ ‘ಟ’: ಎಡಗಡೆಯ ಈ ಮೂರು ಮಾತೂ ನಿಜವಾದರೆ ‘ಕ’ ಬಲಗಡೆಯ ವರ್ಗಕ್ಕೆ ಸೇರುತ್ತಾನೆ. ಎರಡು ಕಡೆ ಬಂದಿರುವ ‘ಟ’ ಒಬ್ಬಳೇ.

ಈ ಸ್ವಾತಂತ್ರ್ಯಕ್ಕೆ ಬೆಲೆಯಿದೆ. ಔಲ್ ಜೊತೆ ನಿಯಮಗಳನ್ನು ಅಂಕೆಯಿಲ್ಲದೆ ಬೆರೆಸಿದರೆ ತರ್ಕಯಂತ್ರ ಎಂದಾದರೂ ಉತ್ತರ ಕೊಟ್ಟೀತೆಂಬ ಖಾತ್ರಿಯೇ ಹೋಗುತ್ತದೆ. ಹೀಗಾಗಿ ಬೋರಿಸ್ ಮೋಟಿಕ್, ಉಲ್ರಿಕೆ ಸಾಟ್ಲರ್, ರೂಡಿ ಸ್ಟುಡರ್ ಎಂಬ ಸಂಶೋಧಕರು ಒಂದು ಕಟ್ಟು ಹಾಕಿದರು: ನಿಯಮ ಅನ್ವಯಿಸುವುದು ಆಂಟಾಲಜಿಯಲ್ಲಿ ಹೆಸರಿಸಿದ ವ್ಯಕ್ತಿಗಳಿಗೆ ಮಾತ್ರ. ಇಂಥ ಗಡಿ ಹಾಕುವ ಕೆಲಸ ನಮ್ಮ ಕಲ್ಯಾಣಕ್ಕೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನದಲ್ಲಿ, ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು ಎಂದ. ಅಷ್ಟಕ್ಕೇ ಬಿಟ್ಟರೆ ಆದಿಯಿಲ್ಲದ ಈ ಸಂಸಾರದಲ್ಲಿ ಎಲ್ಲರಿಗೆ ಎಲ್ಲರೂ ಸಪಿಂಡರಾಗುತ್ತಾರೆ ಎಂದು ತಾನೇ ಕಂಡುಕೊಂಡು, ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿಗೆ ನಿಲ್ಲಿಸಿದ. ಬಿಡದೆ ಹಬ್ಬುವ ಸಂಬಂಧಕ್ಕೆ ಅವನು ಅಂದೇ ಗೆರೆ ಎಳೆದಿದ್ದ ಎಂಬುದು ನನಗೆ ಇಂದಿಗೂ ಬೆರಗು.

ಮುತ್ಯಾ ಹೊರಗುಳಿದದ್ದು ಈ ಹೆಸರಿನ ಕಟ್ಟಿನಿಂದಲೇ. ನಮ್ಮ ವಂಶಾವಳಿಯಲ್ಲಿ ಗಂಡುಮಕ್ಕಳ ಹೆಸರು ಸಾಲಾಗಿವೆ, ಹೆಣ್ಣುಮಕ್ಕಳದ್ದು ಒಂದೂ ಇಲ್ಲ. ಪ್ರತಿಯೊಬ್ಬರಿಗೂ ತಾಯಿ ಇದ್ದೇ ಇರುತ್ತಾಳೆ ಎಂದು ಔಲ್‌ನಲ್ಲಿ ಬರೆದಿದ್ದೆ, ಆದ್ದರಿಂದ ಆಯಿಗೂ ಒಬ್ಬ ತಾಯಿ ಇದ್ದಳೆಂದು ಯಂತ್ರ ಬಲ್ಲುದು. ಆದರೆ ಆ ತಾಯಿ, ಅಂದರೆ ಮುತ್ಯಾನ ಅಕ್ಕ, ಯಾರೆಂದು ಅದಕ್ಕೆ ಗೊತ್ತಿಲ್ಲ. ‘ಚ’ದ ಜಾಗದಲ್ಲಿ ಕೂರಲು ಹೆಸರಿನ ಒಬ್ಬಳು ಬೇಕಿತ್ತು. ನಿಜನಾಮ ಸಿಗದಿದ್ದರೆ ‘ಅಕ್ಕ1’ ಎಂದರೂ ಸಾಕಿತ್ತು, ಆದರೆ ಯಾರಾದರೂ ಅವಳನ್ನು ಬರೆಯಲೇಬೇಕಿತ್ತು.

ಔಲ್‌ನ ಒಂದು ಗುಣವನ್ನು ಇಲ್ಲಿ ಒತ್ತಿ ಹೇಳಲೇಬೇಕು. ಬರೆಯದ್ದನ್ನು ಅದು ‘ಇಲ್ಲ’ ಎನ್ನುವುದಿಲ್ಲ, ‘ಗೊತ್ತಿಲ್ಲ’ ಎನ್ನುತ್ತದೆ. ಮುತ್ಯಾ ಆ ವರ್ಗದವನಲ್ಲ ಎಂದು ಅದು ಒಮ್ಮೆಯೂ ಹೇಳಿರಲಿಲ್ಲ. ಸಾಮಾನ್ಯ ಡೇಟಾಬೇಸಿನಲ್ಲಿ ಮಾತ್ರ ಕಾಣದ ಮಗಳು ಹುಟ್ಟದ ಮಗಳೇ. ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳನ್ನು ಬಿಟ್ಟರೆ ಆಗುವುದೂ ಅದೇ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದ್ದರೂ. ಔಲ್‌ನಲ್ಲಿ ‘ಇವನಿಗೆ ಇಬ್ಬರೇ ಮಕ್ಕಳು’ ಎಂದು ಯಂತ್ರ ಒಪ್ಪಬೇಕಾದರೆ ಇನ್ನೊಬ್ಬರಿಲ್ಲ ಎಂದು ನಾವೇ ಬಾಯಿಬಿಟ್ಟು ಹೇಳಬೇಕು, ಆ ಇಬ್ಬರೂ ಬೇರೆಬೇರೆ ಎಂದೂ ಹೇಳಬೇಕು. ಹೆಸರು ಎರಡಾದ ಮಾತ್ರಕ್ಕೆ ವ್ಯಕ್ತಿ ಇಬ್ಬರೆಂದು ಅದು ಎಣಿಸುವುದಿಲ್ಲ. ಗುಲಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿ. ಅವೆರಡೂ ಒಂದೇ ಊರೆಂಬುದನ್ನೂ ನಾವೇ ತಿಳಿಸಬೇಕು.

ಮುತ್ಯಾನ ಅಕ್ಕನ ಹೆಸರು ಕೊನೆಗೆ ಆಯಿಯ ತಂಗಿಯ ಬಾಯಲ್ಲಿ ಸಿಕ್ಕಿತು. ಅದನ್ನು ಸೇರಿಸಿ ರೀಸನರ್ ಓಡಿಸಿದೆ, ಮುತ್ಯಾ ತನ್ನ ವರ್ಗಕ್ಕೆ ಬಂದು ಕೂತ. ಮುತ್ಯಾನ ಅಪ್ಪನಿಗೆ ಇಷ್ಟೇ ಮಕ್ಕಳು ಎಂಬ ಸಾಲನ್ನು ಮಾತ್ರ ಇನ್ನೂ ಬರೆದಿಲ್ಲ. ಆಳಂದದಲ್ಲಿರುವ ಹಿರಿಯಳೊಬ್ಬಳನ್ನು ಕೇಳುವುದು ಬಾಕಿಯಿದೆ.