ಸ್ವರ್ಗದ ಹಕ್ಕಿಗಳ ವಿಳಾಸ

ಸ್ವರ್ಗದ ಹಕ್ಕಿಯ ಕುಣಿತದ ವಿಡಿಯೋ ನೀವೂ ನೋಡಿರುತ್ತೀರಿ. ಗಂಡು ಗರಿ ಬಿಚ್ಚಿ ಒದ್ದಾಡುತ್ತದೆ. ಹೆಣ್ಣು, ಸೀರೆ ಅಂಗಡಿಯಲ್ಲಿ ಕೂತ ಗಿರಾಕಿಯ ಹಾಗೆ, ನೋಡಿ ನೋಡಿ ಎದ್ದು ಹೋಗುತ್ತದೆ! ಆದರೆ ಈ ಹಕ್ಕಿಗಳು ಎಲ್ಲಿವೆ, ಅಲ್ಲೇ ಯಾಕಿವೆ ಅನ್ನೋದು ಕುಣಿತಕ್ಕಿಂತ ಜಾಸ್ತಿ ಸ್ವಾರಸ್ಯದ ಕತೆ.

ಇರುವುದು ಸುಮಾರು 45 ಪ್ರಭೇದ. ಬಹುಪಾಲು ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪ ಮತ್ತು ಅದರ ಸುತ್ತಲಿನ ಸಣ್ಣ ದ್ವೀಪಗಳಲ್ಲೇ ಇವೆ. ಕೆಲವು ಪೂರ್ವ ಆಸ್ಟ್ರೇಲಿಯಾದಲ್ಲಿ, ಎರಡು ಇಂಡೋನೇಷ್ಯಾದ ಹಲ್ಮಹೆರಾ ಕಡೆ. ನಮ್ಮ ಬಾಲದಂಡೆ ಹಕ್ಕಿಯ ಇಂಗ್ಲಿಷ್ ಹೆಸರಿನಲ್ಲೂ ‘ಪ್ಯಾರಡೈಸ್’ ಇದೆ, ಆದರೆ ಅದರ ಕುಟುಂಬವೇ ಬೇರೆ.

ವಿಲ್ಸನ್ ಸ್ವರ್ಗದ ಹಕ್ಕಿಯನ್ನು ನೋಡಿ. ತಲೆಯ ಮೇಲೆ ಗರಿಯಿಲ್ಲ, ನೀಲಿ ಚರ್ಮ ಮಾತ್ರ. ಬಾಲದಲ್ಲಿ ಸುರುಳಿ ಸುತ್ತಿದ ಎರಡು ಗರಿ. ಇದು ಕಾಡಿನಲ್ಲಿ ಸಿಗುವುದು ನ್ಯೂಗಿನಿಯ ಪಶ್ಚಿಮಕ್ಕಿರುವ ವೈಗಿಯೊ, ಬಟಾಂಟಾ ಎಂಬ ಎರಡೇ ದ್ವೀಪಗಳಲ್ಲಿ. ಬಟಾಂಟಾದ ಪಕ್ಕದಲ್ಲೇ ಸಲಾವಾಟಿ ದ್ವೀಪ. ನಡುವೆ ಕೆಲವೇ ಕಿಲೋಮೀಟರ್ ನೀರು. ಆದರೂ ಅಲ್ಲಿ ವಿಲ್ಸನ್ ಇಲ್ಲ, ಅದರ ಹತ್ತಿರದ ನೆಂಟ, ಮ್ಯಾಗ್ನಿಫಿಸೆಂಟ್ ಎಂಬ ಸ್ವರ್ಗದ ಹಕ್ಕಿ ಇದೆ. ಕಾರಣ ಕಡಲಿನ ಆಳ. ಹಿಮಯುಗದಲ್ಲಿ ಕಡಲು 100 ಮೀಟರಿಗೂ ಹೆಚ್ಚು ಇಳಿದಾಗ ಸಲಾವಾಟಿ ನ್ಯೂಗಿನಿಗೆ ಸೇರಿಕೊಂಡಿತು. ಬಟಾಂಟಾ ಮತ್ತು ವೈಗಿಯೊ ಒಂದಾದವು. ಬಟಾಂಟಾ ಮತ್ತು ಸಲಾವಾಟಿ ನಡುವಿನ ಜಲಸಂಧಿ ಮಾತ್ರ ಬತ್ತಲಿಲ್ಲ. ದಟ್ಟ ಕಾಡಿನ ಹಕ್ಕಿಗಳಿಗೆ ಬಯಲು ನೀರು ದಾಟುವ ಉಮೇದು ಕಡಿಮೆ.

ಅರು ದ್ವೀಪಗಳದ್ದು ಇದರ ಉಲ್ಟಾ. ನ್ಯೂಗಿನಿಯಿಂದ ಎಷ್ಟೋ ದೂರ, ಆದರೆ ನಡುವಿನ ಕಡಲು ಆಳವಿಲ್ಲ. ಒಂದು ಕಾಲಕ್ಕೆ ನೆಲವೇ ಇತ್ತು. ಹಾಗಾಗಿ ದೊಡ್ಡ ಸ್ವರ್ಗದ ಹಕ್ಕಿ ಎರಡೂ ಕಡೆ ಇದೆ. ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ 1857ರಲ್ಲಿ ಅರುವಿನಲ್ಲಿ ಇವನ್ನು ಕಂಡರು. ಈ ದ್ವೀಪಗಳು ಹಿಂದೆ ನ್ಯೂಗಿನಿಗೆ ಅಂಟಿಕೊಂಡಿದ್ದವು ಎಂದು ಆಗಲೇ ಊಹಿಸಿದರು.

ನ್ಯೂಗಿನಿಯ ಒಳಗೆ ಕಡಲಿನ ಕೆಲಸವನ್ನು ಬೆಟ್ಟಗಳು ಮಾಡುತ್ತವೆ. ತಗ್ಗಿನ ಕಾಡಿನಲ್ಲಿ ಪುಟ್ಟ ಕಿಂಗ್ ಹಕ್ಕಿ. ಮೇಲಕ್ಕೆ ಹತ್ತಿದರೆ ಕುಡುಗೋಲು ಕೊಕ್ಕಿನ ಕಪ್ಪು ಹಕ್ಕಿ, ಇನ್ನೂ ಮೇಲೆ ಅದರದೇ ಕಂದು ನೆಂಟ. ಪಪುವಾ ನ್ಯೂಗಿನಿಯ ಎತ್ತರದ ಕಾಡುಗಳಲ್ಲಿ ರಿಬ್ಬನ್ ಬಾಲದ ಆಸ್ಟ್ರೇಪಿಯಾ ಎಂಬ ಸ್ವರ್ಗದ ಹಕ್ಕಿ ಇದೆ. ಗಂಡಿನ ಬಿಳಿ ಬಾಲವೇ ಒಂದು ಮೀಟರ್ ಆಗಬಹುದು. ಅದನ್ನು ಹೊತ್ತು ಹಾರುವುದೇ ಒಂದು ಸಾಹಸ, ಅಲ್ವಾ? ಇದರ ಸೀಮೆ ಸ್ಟೆಫನಿ ಆಸ್ಟ್ರೇಪಿಯಾದ ಸೀಮೆಗೆ ತಾಗುವಲ್ಲಿ ಎರಡೂ ಕೂಡಿ ಮಿಶ್ರತಳಿ ಮರಿಗಳು ಹುಟ್ಟುತ್ತವೆ.

ಪ್ರಭೇದಗಳ ಲೆಕ್ಕವೂ ಆಗಾಗ ಬದಲಾಗುತ್ತದೆ. ಎತ್ತರದ ಬೆಟ್ಟಗಳ ಮ್ಯಾಕ್‌ಗ್ರೆಗರ್ ಹಕ್ಕಿಯನ್ನು ಬಹಳ ಕಾಲ ಈ ಕುಟುಂಬಕ್ಕೇ ಸೇರಿಸಿದ್ದರು. ಡಿಎನ್‌ಎ ನೋಡಿದರೆ ಅದು ಮಕರಂದ ಹೀರುವ ಹನಿಈಟರ್ ಕುಟುಂಬದ್ದು! 2018ರಲ್ಲಿ ಇನ್ನೊಂದು ಸೇರ್ಪಡೆಯೂ ಆಯಿತು. ನ್ಯೂಗಿನಿಯ ಪಶ್ಚಿಮ ತುದಿಯ ಫೋಗಲ್‌ಕಾಪ್ ಬೆಟ್ಟಗಳ ‘ಸೂಪರ್ಬ್’ ಸ್ವರ್ಗದ ಹಕ್ಕಿ ಬೇರೆಯೇ ಪ್ರಭೇದ ಎಂದು ಸಂಶೋಧಕರಾದ ಎಡ್ ಸ್ಕೋಲ್ಸ್ ಮತ್ತು ಟಿಮ್ ಲಾಮನ್ ತೋರಿಸಿದರು. ಉಳಿದ ಬೆಟ್ಟಗಳ ಗಂಡು ಗರಿ ಬಿಚ್ಚಿದಾಗ ಮೊಟ್ಟೆಯಾಕಾರ ಕಾಣುತ್ತದೆ, ಇಲ್ಲಿಯದ್ದು ಅರ್ಧಚಂದ್ರ. ಹೆಜ್ಜೆ, ಕೂಗು ಕೂಡ ಬೇರೆ.