ಫಸ್ಟ್ ಪಿಯುಸಿ ಫಿಸಿಕ್ಸ್‌ಗೆ ಎಷ್ಟು ಗಣಿತ ಬೇಕು?

ಫಿಸಿಕ್ಸ್ ತಲೆಗೆ ಹತ್ತುವುದಿಲ್ಲ ಅನ್ನುವವರಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಫಿಸಿಕ್ಸ್‌ನಲ್ಲಿ ಅಲ್ಲ, ಹೈಸ್ಕೂಲ್ ಗಣಿತದಲ್ಲಿ. ಕ್ಯಾಲ್ಕುಲಸ್ ಬಗ್ಗೆ ಈಗಲೇ ಹೆದರಬೇಡಿ. ಮೊದಲು ಸೂತ್ರವನ್ನು ತಿರುಗಿಸಿ ಬರೆಯಲು ಬರಬೇಕು, ಅದೂ ಅಕ್ಷರಗಳಲ್ಲೇ.

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸನ್ನೇ ತೆಗೆದುಕೊಳ್ಳಿ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ, ಡ್ರೈವರ್ ಬ್ರೇಕ್ ಒತ್ತುತ್ತಾರೆ, ಎಷ್ಟು ದೂರ ಹೋಗಿ ನಿಲ್ಲುತ್ತದೆ? ಮೊದಲು ಯೂನಿಟ್. ಕಿಲೋಮೀಟರಿಗೆ 1000 ಮೀಟರ್, ಗಂಟೆಗೆ 3600 ಸೆಕೆಂಡ್, ಭಾಗಿಸಿದರೆ 5/18. ಹಾಗಾಗಿ 72 ಅಂದರೆ ಸೆಕೆಂಡಿಗೆ 20 ಮೀಟರ್. ಈ 5/18 ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಬಾಯಿಪಾಠ ಬೇಡ.

ಈಗ ಸೂತ್ರ: ವಿ² = ಯು² − 2ಎಎಸ್ (ಯು ಮೊದಲಿನ ವೇಗ, ವಿ ಕೊನೆಯ ವೇಗ, ಎ ವೇಗ ಇಳಿಯುವ ದರ, ಎಸ್ ದೂರ; ಬ್ರೇಕ್ ಆದ್ದರಿಂದ ಮೈನಸ್). ಹೆಚ್ಚಿನವರು ಇಲ್ಲೇ ಸಂಖ್ಯೆ ತುಂಬಿಸಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಬಸ್ಸು ನಿಂತಾಗ ವಿ ಸೊನ್ನೆ, ಹಾಗಾಗಿ ಎಸ್ = ಯು²/2ಎ. ಬ್ರೇಕ್ ಪ್ರತಿ ಸೆಕೆಂಡಿಗೆ 5 ಮೀಟರ್/ಸೆಕೆಂಡ್ ವೇಗ ಇಳಿಸುತ್ತದೆ ಅಂತ ಇಟ್ಟುಕೊಂಡರೆ 400/10, ಅಂದರೆ 40 ಮೀಟರ್. ಆದರೆ ಅಕ್ಷರಗಳನ್ನು ಇನ್ನೊಮ್ಮೆ ನೋಡಿ: ಯು ಮೇಲೆ ವರ್ಗ ಇದೆ, ವೇಗ ಅರ್ಧವಾದರೆ ದೂರ ಕಾಲು ಭಾಗ, ಬರೀ 10 ಮೀಟರ್. ಮಳೆಗೆ ರಸ್ತೆ ಜಾರಿ ಎ ಅರ್ಧಕ್ಕೆ ಇಳಿದರೆ 40 ಇದ್ದದ್ದು 80 ಆಗುತ್ತದೆ. ಮೊದಲೇ ಸಂಖ್ಯೆ ತುಂಬಿಸಿದ್ದರೆ ಇದೆಲ್ಲ ಕಾಣುತ್ತಿತ್ತಾ? ಯೂನಿಟ್‌ಗಳನ್ನೂ ಹೀಗೇ ಭಾಗಿಸಿ ನೋಡಿ, ಕೊನೆಗೆ ಮೀಟರ್ ಉಳಿಯದಿದ್ದರೆ ಎಲ್ಲೋ ತಪ್ಪಿದೆ.

ಹತ್ತರ ಘಾತ ಸುಲಭ. ಸೂರ್ಯನ ದೂರ ಸುಮಾರು 1.5 × 10¹¹ ಮೀಟರ್, ಬೆಳಕಿನ ವೇಗ 3 × 10⁸. 1.5ನ್ನು 3ರಿಂದ ಭಾಗಿಸಿ, ಘಾತ ಕಳೆಯಿರಿ: 0.5 × 10³, ಅಂದರೆ ಬೆಳಕು ಇಲ್ಲಿಗೆ ಬರಲು 500 ಸೆಕೆಂಡ್. ಗ್ರಾಫ್‌ನಲ್ಲಿ ಎರಡೇ ವಿಷಯ: ವೇಗ–ಸಮಯದ ಗೆರೆಯ ಇಳಿಜಾರು ವೇಗೋತ್ಕರ್ಷ (ವೇಗ ಬದಲಾಗುವ ದರ), ಅದರ ಕೆಳಗಿನ ಜಾಗ ಕ್ರಮಿಸಿದ ದೂರ. ಮುಂದೆ ಕ್ಯಾಲ್ಕುಲಸ್ ಬಂದಾಗಲೂ ಮೂಲ ಇದೇ.

ಟ್ರಿಗನಾಮೆಟ್ರಿಯಲ್ಲಿ ಸೈನ್ ಯಾವುದಕ್ಕೆ, ಕಾಸ್ ಯಾವುದಕ್ಕೆ ಅಂತ ಗೊಂದಲ ಆಗುತ್ತದೆ, ಅಲ್ವಾ? ಮಣಿಪಾಲದ ಏರಿನಲ್ಲಿ ನಿಂತ ಸ್ಕೂಟರನ್ನು ಕೆಳಗೆ ಎಳೆಯುವ ಬಲ ಎಂಜಿ ಸೈನ್ ಥೀಟಾವೋ, ಕಾಸ್ ಥೀಟಾವೋ (ಎಂಜಿ ಅಂದರೆ ಸ್ಕೂಟರಿನ ತೂಕ, ಥೀಟಾ ಏರಿನ ಕೋನ)? ಕೋನ ಸೊನ್ನೆ ಮಾಡಿ ನೋಡಿ. ಸಪಾಟು ರಸ್ತೆಯಲ್ಲಿ ಸ್ಕೂಟರ್ ಜಾರುವುದಿಲ್ಲ, ಸೈನ್ ಸೊನ್ನೆಯೂ ಸೊನ್ನೆ. ಹಾಗಾಗಿ ಸೈನ್, ಅಷ್ಟೇ.

ವೆಕ್ಟರ್‌ಗೆ, ಅಂದರೆ ದಿಕ್ಕೂ ಇರುವ ಪರಿಮಾಣಕ್ಕೆ, ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗುವ ದೋಣಿ ಸಾಕು. ಲೆಕ್ಕಕ್ಕೆ ಹೊಳೆಯ ಅಗಲ 200 ಮೀಟರ್ ಅನ್ನಿ. ದೋಣಿಯ ಮೂತಿ ನೇರ ಆಚೆ ದಡಕ್ಕಿದೆ, ವೇಗ ಸೆಕೆಂಡಿಗೆ 2 ಮೀಟರ್, ಹರಿವು 1.5. ಎರಡೂ ಲಂಬವಾಗಿರುವುದರಿಂದ ಪೈಥಾಗರಸ್ ಪ್ರಕಾರ ಒಟ್ಟು ವೇಗ 2.5, ಸುಮ್ನೆ ಕೂಡಿಸಿ 3.5 ಅನ್ನುವ ಹಾಗಿಲ್ಲ. ದಾಟಲು ಎಷ್ಟು ಹೊತ್ತು? ತುಂಬಾ ಜನ 200ನ್ನು 2.5ರಿಂದ ಭಾಗಿಸುತ್ತಾರೆ. ಅಡ್ಡ ದಾಟಿಸುವುದು 2 ಮಾತ್ರ, ಹಾಗಾಗಿ 100 ಸೆಕೆಂಡ್. ಹರಿವು ಜೋರಾದರೂ ಸಮಯ ಬದಲಾಗುವುದಿಲ್ಲ, ದೋಣಿ ಮುಟ್ಟುವ ಜಾಗ ಮಾತ್ರ ಕೆಳಕ್ಕೆ ಸರಿಯುತ್ತದೆ. ಇಲ್ಲಿ 150 ಮೀಟರ್.