ಮಾಂಟ್‌ಗೊಮೆರಿಯ 381 ದಿನಗಳು: ಆ ನಂಬಿಕೆ ಹೇಗೆ ಉಳಿಯಿತು?

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟವನ್ನು ಓದುವಾಗ ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿ ಬಸ್ ಬಹಿಷ್ಕಾರವನ್ನು ನಾವು ಸಾಮಾನ್ಯವಾಗಿ ಮೂರು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ರೋಸಾ ಪಾರ್ಕ್ಸ್ ಸೀಟು ಬಿಡಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಮುಂದಾಳಾದರು, ಸುಪ್ರೀಂ ಕೋರ್ಟಿನಲ್ಲಿ ಗೆಲುವಾಯಿತು. ಎರಡನೆಯ ಸಲ ಓದಲು ಕುಳಿತಾಗ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡಿತು. ಸಿಟ್ಟು ಬಂದ ದಿನ ಬಸ್ ಹತ್ತದೆ ನಡೆದು ಹೋಗಬಹುದು. ಮಳೆ, ಚಳಿ, ಕೆಲಸ ಹೋಗುವ ಭಯ, ಬಾಂಬು ಇವೆಲ್ಲದರ ನಡುವೆ ಒಂದು ಊರಿನ ಸಾವಿರಾರು ಜನ ಒಂದು ವರ್ಷಕ್ಕೂ ಮೀರಿ ನಡೆದದ್ದು ಹೇಗೆ?

ಮೊದಲು ಬಸ್ಸಿನ ಒಳಗನ್ನು ಕಣ್ಣಮುಂದೆ ತಂದುಕೊಳ್ಳಿ. ಒಟ್ಟು 36 ಸೀಟು. ಮುಂದಿನ 10 ಬಿಳಿಯರಿಗೆ ಮೀಸಲು, ಖಾಲಿ ಇದ್ದರೂ ಕರಿಯರು ಕೂರುವಂತಿಲ್ಲ. ಹಿಂದಿನ 10 ಕರಿಯರಿಗೆ. ನಡುವಿನ 16 ಸೀಟುಗಳಲ್ಲಿ ಯಾರು ಕೂರಬೇಕು, ಯಾರು ಏಳಬೇಕು ಎನ್ನುವುದು ಚಾಲಕನ ಮರ್ಜಿ. ಕರಿಯರು ಮುಂದಿನ ಬಾಗಿಲಲ್ಲಿ ಹಣ ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕಿತ್ತು. ಅಷ್ಟರಲ್ಲಿ ಚಾಲಕ ಬಸ್ ಬಿಟ್ಟುಕೊಂಡು ಹೋದದ್ದೂ ಉಂಟು. ಆ ಬಸ್ಸುಗಳ ಪ್ರಯಾಣಿಕರಲ್ಲಿ ಬಹುಪಾಲು ಕರಿಯರೇ ಆಗಿದ್ದರು. ಈ ಅವಮಾನಕ್ಕೆ ಅವರೇ ದಿನವೂ ಹಣ ಕೊಡುತ್ತಿದ್ದರು.

1955ರ ಡಿಸೆಂಬರ್ 1ರಂದು, ಬಿಳಿಯರಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನವಾಯಿತು. ಅವರನ್ನು ‘ಕೆಲಸದಿಂದ ದಣಿದಿದ್ದ ಮುದುಕಿ’ ಎಂದು ಬರೆಯುವುದು ತಪ್ಪು. ಅವರಿಗೆ ಆಗ 42 ವರ್ಷ. ಹೊಲಿಗೆ ಕೆಲಸದ ಜೊತೆಗೆ ಕರಿಯರ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ 1943ರಿಂದ ಕಾರ್ಯದರ್ಶಿಯಾಗಿ ದುಡಿದಿದ್ದವರು, ತಮ್ಮ ಚರ್ಚಿನ ಸೇವೆಯಲ್ಲಿ ತೊಡಗಿಕೊಂಡಿದ್ದವರು. ಅದೇ ವರ್ಷದ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಕೂಡ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. ಬಹಿಷ್ಕಾರದ ಕರೆ ಹೊರಟದ್ದು ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಅವರಿಂದ. ಬಸ್ಸಿನಲ್ಲಿ ಚಾಲಕನಿಂದ ಬೈಸಿಕೊಂಡು ಅಳುತ್ತಾ ಇಳಿದ ನೆನಪು ಅವರಿಗೆ 1949ರಿಂದಲೂ ಇತ್ತು. ಪಾರ್ಕ್ಸ್ ಬಂಧನದ ರಾತ್ರಿಯೇ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಬೆಳಗಾಗುವವರೆಗೆ ಹತ್ತಾರು ಸಾವಿರ ಕರಪತ್ರ ತೆಗೆದರು.

ಡಿಸೆಂಬರ್ 5ರಂದು ಬಸ್ಸುಗಳು ಬಹುತೇಕ ಖಾಲಿ ಓಡಿದವು. ಆ ಸಂಜೆ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಭೆ. ಒಳಗೆ ಜಾಗ ಸಾಲದೆ ಜನ ಬೀದಿಯಲ್ಲಿ ನಿಂತು ಧ್ವನಿವರ್ಧಕದಲ್ಲಿ ಕೇಳಿದರು. ಮುಂದುವರಿಸೋಣವೇ ಎಂದು ಕೇಳಿದಾಗ ಎಲ್ಲರೂ ಎದ್ದು ನಿಂತರು.

ನಂಬಿಕೆಯೆಂದರೆ ಒಬ್ಬರ ಮನಸ್ಸಿನೊಳಗಿನ ಭಾವವೆಂದು ನಾವು ಓದಿಕೊಳ್ಳುತ್ತೇವೆ. ಮಾಂಟ್‌ಗೊಮೆರಿಯಲ್ಲಿ ಅದಕ್ಕೆ ವಾರದ ವೇಳಾಪಟ್ಟಿಯಿತ್ತು, ಲೆಕ್ಕದ ಪುಸ್ತಕವಿತ್ತು, ಗಾಡಿಗಳಿದ್ದವು. ಸೋಮವಾರ ಮತ್ತು ಗುರುವಾರ ರಾತ್ರಿ ಒಂದೊಂದು ಸಲ ಒಂದೊಂದು ಚರ್ಚಿನಲ್ಲಿ ಸಭೆ ಸೇರುತ್ತಿತ್ತು. ಹಾಡು, ಪ್ರಾರ್ಥನೆ, ವರದಿ, ಕಾಣಿಕೆ. ಮೂರು ದಿನ ನಡೆದು ಮನಸ್ಸು ಕುಗ್ಗುವ ಹೊತ್ತಿಗೆ ನಾಲ್ಕನೆಯ ದಿನ ಪಕ್ಕದ ಬೀದಿಯವರೂ ನಡೆಯುತ್ತಿದ್ದಾರೆಂದು ಕಣ್ಣಾರೆ ಕಾಣುತ್ತಿತ್ತು. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಕೀಲಿ ಇದು.

ಕೆಲಸಕ್ಕೆ ಹೋಗುವವರಿಗಾಗಿ ಸುಮಾರು 300 ಕಾರುಗಳ ಸರದಿ ಏರ್ಪಾಡಾಯಿತು. ಚರ್ಚುಗಳು ತಮ್ಮ ಹೆಸರಿನಲ್ಲೇ ದೊಡ್ಡ ಗಾಡಿಗಳನ್ನು ಕೊಂಡವು. ಜನ ಅವನ್ನು ‘ಉರುಳುವ ಚರ್ಚು’ಗಳೆಂದು ಕರೆದರು. ಸ್ಥಳೀಯ ವಿಮೆ ಸಿಗದಂತೆ ಮಾಡಿದಾಗ ಲಂಡನ್ನಿನಿಂದ ವಿಮೆ ತರಿಸಿದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಹೆಂಗಸರನ್ನು ಸೇರಿಸಿಕೊಂಡು ಕೋಳಿ ಹುರಿದು, ಕೇಕು ಬೇಯಿಸಿ ಮಾರಿ, ಬಂದ ಹಣವನ್ನು ಸಭೆಗೆ ತಂದು ಒಪ್ಪಿಸುತ್ತಿದ್ದರು. ಆ ಗುಂಪಿಗೆ ‘ಎಲ್ಲಿಯೂ ಇಲ್ಲದ ಕ್ಲಬ್ಬು’ ಎಂಬ ಹೆಸರು. ಹಣ ಎಲ್ಲಿಂದ ಬಂತೆಂದು ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂದರೆ ಆಯಿತು, ಬಿಳಿಯರ ಮನೆಯಲ್ಲಿ ದುಡಿಯುವ ಯಾವ ಹೆಂಗಸಿನ ಹೆಸರೂ ಹೊರಬೀಳುವುದಿಲ್ಲ. ಈ ಹೆಸರನ್ನು ಓದಿದಾಗಲೆಲ್ಲ ಅವರ ಜಾಣ್ಮೆಗೆ ನನ್ನ ಮನಸ್ಸು ತಲೆಬಾಗುತ್ತದೆ.

ಮುಂದಾಳುವಿನ ನಂಬಿಕೆಯೂ ಬಂಡೆಯಂತೆ ನಿಂತಿರಲಿಲ್ಲ. ಕಿಂಗ್ ಆಗ 27 ತುಂಬಿದ ಪಾದ್ರಿ, ಮನೆಯಲ್ಲಿ ಎಳೆಗೂಸು. 1956ರ ಜನವರಿ ಕೊನೆಯ ಒಂದು ನಡುರಾತ್ರಿ ಕೊಲೆ ಬೆದರಿಕೆಯ ಫೋನ್ ಬಂತು. ನಿದ್ದೆ ಹತ್ತದೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಮೇಜಿನ ಮುಂದೆ ಕುಳಿತರು. ಹೇಡಿಯೆನಿಸಿಕೊಳ್ಳದೆ ಇದರಿಂದ ಜಾರಿಕೊಳ್ಳುವುದು ಹೇಗೆಂದು ಯೋಚಿಸಿದರು. ಕೊನೆಗೆ ತಲೆ ತಗ್ಗಿಸಿ, ನನ್ನಲ್ಲಿ ಶಕ್ತಿ ಉಳಿದಿಲ್ಲ ಎಂದು ಬಾಯಿಬಿಟ್ಟು ಪ್ರಾರ್ಥಿಸಿದರು. ನ್ಯಾಯದ ಪರ ನಿಲ್ಲು ಎಂದು ಒಳಗಿನಿಂದ ದನಿ ಕೇಳಿದಂತಾಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಜನವರಿ 30ರ ರಾತ್ರಿ ಅವರ ಮನೆಯ ಜಗುಲಿಯಲ್ಲಿ ಬಾಂಬು ಸಿಡಿಯಿತು. ಹೆಂಡತಿ, ಮಗು ಒಳಗಿದ್ದರು; ಇಬ್ಬರಿಗೂ ಪೆಟ್ಟಾಗಲಿಲ್ಲ. ಆಯುಧ ಹಿಡಿದು ಕೆರಳಿ ಬಂದ ಜನರನ್ನು ಒಡೆದ ಜಗುಲಿಯ ಮೇಲೆ ನಿಂತು ಸಮಾಧಾನಪಡಿಸಿ ಮನೆಗೆ ಕಳುಹಿಸಿದರು. ಅಡುಗೆಮನೆಯ ಆ ರಾತ್ರಿಯನ್ನು ಬಿಟ್ಟರೆ ಜಗುಲಿಯ ಈ ಮಾತು ಅರ್ಥವಾಗುವುದಿಲ್ಲ.

ಮದರ್ ಪೊಲಾರ್ಡ್ ಎಂದು ಎಲ್ಲರೂ ಕರೆಯುತ್ತಿದ್ದ ವೃದ್ಧೆಯೊಬ್ಬರಿಗೆ, ವಯಸ್ಸಾಗಿದೆ, ನೀವು ಬಸ್ಸಿನಲ್ಲೇ ಹೋಗಿ ಎಂದರಂತೆ. ಕಾಲು ದಣಿದಿದೆ, ಆದರೆ ಆತ್ಮಕ್ಕೆ ನೆಮ್ಮದಿಯಿದೆ ಎಂದರು ಆಕೆ.

ಕಾನೂನಿನ ಭಾಗ ಚಿಕ್ಕದು, ಆದರೆ ಇಲ್ಲಿ ಎಡವುವವರು ಹೆಚ್ಚು. ಗೆದ್ದದ್ದು ಪಾರ್ಕ್ಸ್ ಪ್ರಕರಣವಲ್ಲ. ಯುವ ವಕೀಲ ಫ್ರೆಡ್ ಗ್ರೇ ಫೆಬ್ರುವರಿಯಲ್ಲಿ ಹೂಡಿದ ಬೇರೊಂದು ದಾವೆ, ಬ್ರೌಡರ್ ವಿರುದ್ಧ ಗೇಲ್. ಅದರಲ್ಲಿ ಫಿರ್ಯಾದಿಗಳಾಗಿದ್ದ ನಾಲ್ವರು ಮಹಿಳೆಯರಲ್ಲಿ ಕ್ಲಾಡೆಟ್ ಕಾಲ್ವಿನ್ ಒಬ್ಬಳು. ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯ, ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಇವರ ಪರ ತೀರ್ಪು ಕೊಟ್ಟಿತು, ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ ದಿನ ಸ್ಥಳೀಯ ನ್ಯಾಯಾಲಯ ಕಾರುಗಳ ಸರದಿಯನ್ನು ನಿಷೇಧಿಸಿತು. ಸುಪ್ರೀಂ ಕೋರ್ಟಿನ ಆದೇಶವಂತೂ ಊರಿಗೆ ತಲುಪಿದ್ದು ಡಿಸೆಂಬರ್ 20ಕ್ಕೆ. ಗೆದ್ದಾಗಿದೆ, ಕಾರಿಲ್ಲ, ಬಸ್ಸು ಹತ್ತುವಂತೆಯೂ ಇಲ್ಲ. ಆ ಐದು ವಾರಗಳನ್ನೂ ಜನ ನಡೆದೇ ಕಳೆದರು. ನಮ್ಮ ಪಠ್ಯಗಳು ಈ ಐದು ವಾರಗಳನ್ನು ಹಾರಿ ಹೋಗುತ್ತವೆ, ನೀವು ಹಾರಿಸಬೇಡಿ.

ಡಿಸೆಂಬರ್ 21ರಂದು ಜನ ಮುಂದಿನ ಬಾಗಿಲಿನಿಂದ ಹತ್ತಿ ಬೇಕಾದಲ್ಲಿ ಕುಳಿತರು. ಕೆಲವೇ ದಿನಗಳಲ್ಲಿ ಬಸ್ಸುಗಳ ಮೇಲೆ ಗುಂಡು ಹಾರಿತು. 1957ರ ಜನವರಿ 10ರಂದು ನಾಲ್ಕು ಚರ್ಚುಗಳ ಮೇಲೆ, ಹೋರಾಟಕ್ಕೆ ಹೆಗಲು ಕೊಟ್ಟಿದ್ದ ಇಬ್ಬರು ಪಾದ್ರಿಗಳ ಮನೆಗಳ ಮೇಲೆ ಬಾಂಬು ಬಿತ್ತು. ಅವರಲ್ಲಿ ಒಬ್ಬರು ರಾಬರ್ಟ್ ಗ್ರೆಟ್ಸ್, ಕರಿಯರ ಚರ್ಚಿಗೆ ಪಾದ್ರಿಯಾಗಿದ್ದ ಬಿಳಿಯ. ಬಂಧನವಾದ ಮರುತಿಂಗಳೇ ಹೊಲಿಗೆ ಕೆಲಸ ಕಳೆದುಕೊಂಡಿದ್ದ ರೋಸಾ ಪಾರ್ಕ್ಸ್ ಅವರಿಗೆ ಮಾಂಟ್‌ಗೊಮೆರಿಯಲ್ಲಿ ಬದುಕು ಕಟ್ಟಿಕೊಳ್ಳಲಾಗಲಿಲ್ಲ. ಅದೇ 1957ರಲ್ಲಿ ಗಂಡ ಮತ್ತು ತಾಯಿಯೊಂದಿಗೆ ಊರು ಬಿಟ್ಟು ಉತ್ತರದ ಡೆಟ್ರಾಯಿಟ್ ಸೇರಿದರು. ಅಲ್ಲಿ ಮತ್ತೆ ಹೊಲಿಗೆ ಕೆಲಸ ಹಿಡಿದರು, ಹೋರಾಟವನ್ನೂ ಬಿಡಲಿಲ್ಲ.